ಮಗ್ಗದ ಶೆಡ್ಡಿನಿಂದ ಬಂದ ಕಿವಿಗಳು

ನನ್ನ ಮೊದಲ ಕ್ಷೇತ್ರಕಾರ್ಯದ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಒಂದು ಷರಾ ಇದೆ: ‘ಸಂದರ್ಶನ 7. ವಯಸ್ಸು 81. ನೆನಪು ಚದುರಿದೆ. ಬಳಸಲು ಬರುವುದಿಲ್ಲ.’ ಬರೆದವಳು ನಾನೇ. ಅದನ್ನು ಬರೆದ ದಿನ ನನಗೆ ಯಾವ ಅಳುಕೂ ಇರಲಿಲ್ಲ. ದಾವಣಗೆರೆಯ ನಿಟುವಳ್ಳಿಯ ಒಂದು ತಗಡಿನ ಮನೆಯಿಂದ ಹೊರಬಿದ್ದು ಆಟೋ ಹತ್ತಿದಾಗ ಒಂದು ಮಧ್ಯಾಹ್ನ ವ್ಯರ್ಥವಾಯಿತಲ್ಲ ಎಂಬ ಬೇಸರವಷ್ಟೇ ಇತ್ತು.

ರೆಕಾರ್ಡಿಂಗ್ ಈಗಲೂ ಇದೆ. ‘ಅಜ್ಜ, ಸ್ಟ್ರೈಕ್ ಯಾವಾಗ ಆಯ್ತು?’ ಎಂದು ಕೇಳುತ್ತೇನೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರೈಲಾ? ರೈಲು ಆವಾಗ ಸಣ್ಣ ಹಳಿ ಕಣವ್ವ. ಮೀಟರ್ ಗೇಜು. ಹರಿಹರಕ್ಕೆ ಹೋಗಾಕೆ ಹೊತ್ತಾಗ್ತಿತ್ತು’ ಅನ್ನುತ್ತಾರೆ. ನಾನು ಮತ್ತೆ ಕೇಳುತ್ತೇನೆ: ‘ಕೂಲಿ, ಕೂಲಿ ಎಷ್ಟು ಕೊಡ್ತಿದ್ರು?’ ಅದಕ್ಕೆ ಅಜ್ಜ, ‘ಊರಾ? ಊರು ಹರಪನಹಳ್ಳಿ ಕಡೆ. ಮಳೆ ಇಲ್ದೆ ಬಂದ್ವಿ’ ಅನ್ನುತ್ತಾರೆ. ಹಿನ್ನೆಲೆಯಲ್ಲಿ ಸೊಸೆಯ ದನಿ ಕೇಳುತ್ತದೆ: ‘ಬಿಡ್ರಿ ಮೇಡಂ, ಮಾವ್ನೋರಿಗೆ ಅರಳು ಮರಳು. ಕೇಳಿದ್ದು ಒಂದು, ಹೇಳೋದು ಇನ್ನೊಂದು.’ ನಾನು ನಗುತ್ತೇನೆ. ಆ ನಗು ರೆಕಾರ್ಡಿಂಗಿನಲ್ಲಿ ಬಹಳ ಸ್ಪಷ್ಟವಾಗಿ ದಾಖಲಾಗಿದೆ.

ನನ್ನ ಪಿಎಚ್‌ಡಿ ವಿಷಯ ದಾವಣಗೆರೆಯ ಬಟ್ಟೆ ಮಿಲ್ಲುಗಳ ಕಾರ್ಮಿಕರು. ಈ ಊರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಹೈದರಾಲಿ ಈ ಊರನ್ನು ಅಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟನೆಂದೂ, ಆತ ವ್ಯಾಪಾರಸ್ಥರನ್ನು ಕರೆಸಿ ಪೇಟೆ ಬೆಳೆಸಿದನೆಂದೂ ಹಳೆಯ ಗೆಜೆಟಿಯರ್ ಹೇಳುತ್ತದೆ. ಮುಂದೆ ಸುತ್ತಲಿನ ಕಪ್ಪು ಮಣ್ಣಿನ ಹತ್ತಿ, ರೈಲು, ವರ್ತಕರ ಹಣ ಒಟ್ಟು ಸೇರಿದವು. ಕಳೆದ ಶತಮಾನದ ಮಧ್ಯದ ಹೊತ್ತಿಗೆ ದಾವಣಗೆರೆ ಕಾಟನ್ ಮಿಲ್ಲು, ಶಂಕರ್, ಆಂಜನೇಯ, ತೋಳಹುಣಸೆಯ ಯಲ್ಲಮ್ಮ ಹೀಗೆ ಸಾಲು ಸಾಲು ಚಿಮಣಿಗಳು. ಕೂಲಿಯವರ ಮತಗಳಿಂದಲೇ ಸಿಪಿಐನ ಪಂಪಾಪತಿಯವರು 1978, 1983, 1985ರಲ್ಲಿ ಸತತ ಮೂರು ಸಲ ವಿಧಾನಸಭೆಗೆ ಹೋದರು. ನಾನು ಓದುವ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣ ಇರುವುದೂ ಅದೇ ತೋಳಹುಣಸೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ದಾರಿಯದೇ ಇತಿಹಾಸ ಬರೆಯಲು ಹೊರಟವಳು ನಾನು.

ಮಿಲ್ಲುಗಳು ಒಂದೊಂದಾಗಿ ನಿಂತವು. ಕಡತಗಳು ಗೆದ್ದಲಿಗೋ, ರದ್ದಿ ಅಂಗಡಿಗೋ ಹೋದವು. ಉಳಿದದ್ದು ಮನುಷ್ಯರು. ಹಾಗಾಗಿ ಮೌಖಿಕ ಇತಿಹಾಸವೇ ದಾರಿ ಎಂದು ಮಾರ್ಗದರ್ಶಕರು ಹೇಳಿದರು. ಎಪ್ಪತ್ತೈದು ದಾಟಿದ ಮೂವತ್ತು ಜನರನ್ನು ಹುಡುಕಿ ಮಾತಾಡಿಸುವುದು ನನ್ನ ಯೋಜನೆ. ಮೊದಲ ಹನ್ನೆರಡು ಸಂದರ್ಶನಗಳಲ್ಲಿ ಐದಕ್ಕೆ ನಾನು ಅದೇ ಕೆಂಪು ಷರಾ ಹಾಕಿದ್ದೆ. ಐದೂ ಜನ ನೇಯ್ಗೆ ವಿಭಾಗದವರು ಎಂಬುದನ್ನು ಗಮನಿಸಲು ನನಗೆ ಏಳು ತಿಂಗಳು ಬೇಕಾಯಿತು.

ಗಮನಿಸಿದ್ದೂ ನಾನಲ್ಲ. ವೈಂಡಿಂಗ್ ವಿಭಾಗದಲ್ಲಿ ನೂಲು ಸುತ್ತುತ್ತಿದ್ದ ಒಬ್ಬ ಅಜ್ಜಿ. ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟು ಮಾತಾಡುತ್ತಿದ್ದಾಗ, ‘ಮಗ್ಗದ ಶೆಡ್ಡಿನೋರನ್ನ ಮಾತಾಡ್ಸಿದ್ಯಾ? ಅವ್ರ ಎದ್ರಿಗೆ ಕೂತು ಮಾತಾಡ್ಬೇಕು ಕಣವ್ವ, ಪಕ್ಕದಾಗೆ ಕೂತ್ರೆ ಆಗಲ್ಲ. ಅವ್ರು ಕಿವೀಲಿ ಕೇಳೋ ಜನ ಅಲ್ಲ, ಬಾಯಿ ನೋಡಿ ಕೇಳೋರು’ ಎಂದರು. ನಾನು ಏಳನೆಯ ಅಜ್ಜನ ಪಕ್ಕದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ. ಮುಖದ ಮೇಲೆ ಮಾಸ್ಕ್ ಇತ್ತು.

ಲಾಳಿ ಓಡುವ ಪವರ್‌ಲೂಮಿನ ಸದ್ದು ಕೇಳದವರಿಗೆ ಅದನ್ನು ವರ್ಣಿಸುವುದು ಕಷ್ಟ. ಲಾಳಿಯನ್ನು ಒಂದು ಕಡೆಯಿಂದ ಮರದ ಕೋಲು ಹೊಡೆಯುತ್ತದೆ, ಇನ್ನೊಂದು ಕಡೆ ಅದು ಪೆಟ್ಟಿಗೆಗೆ ಬಡಿದು ನಿಲ್ಲುತ್ತದೆ, ಮರುಕ್ಷಣ ಅಲ್ಲಿಂದ ಮತ್ತೆ ಹೊಡೆತ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಇಂಥ ನೂರಾರು ಮಗ್ಗ ಒಂದೇ ಸೂರಿನಡಿ. ನೂಲು ಒಣಗಿ ಹರಿಯಬಾರದೆಂದು ಗಾಳಿಯಲ್ಲಿ ತೇವ ಇರಬೇಕು, ಹಾಗಾಗಿ ಕಿಟಕಿ ಮುಚ್ಚಿರುತ್ತದೆ, ಸದ್ದು ಹೊರಗೆ ಹೋಗುವುದಿಲ್ಲ. ಅಲ್ಲಿ ಮಾತು ನಡೆಯುವುದಿಲ್ಲ, ಸನ್ನೆ ನಡೆಯುತ್ತದೆ. ಹರಿದ ಎಳೆಗೆ ಒಂದು ಬೆರಳು, ಜಾಬರ್ ಬಂದರೆ ಮೀಸೆ ಸವರುವುದು, ಚಹಾಕ್ಕೆ ಹೆಬ್ಬೆರಳು. ಇಂಗ್ಲೆಂಡಿನ ಲ್ಯಾಂಕಾಷೈರ್ ಮಿಲ್ಲುಗಳ ಹೆಂಗಸರು ತುಟಿಯನ್ನು ಅಗಲಿಸಿ ಅಗಲಿಸಿ ಆಡುತ್ತಿದ್ದ ಇಂಥ ಮಾತಿಗೆ ‘ಮೀ-ಮಾ’ ಎಂದೇ ಹೆಸರಿತ್ತು. ಮ್ಯಾಂಚೆಸ್ಟರ್ ಎಂಬ ಬಿರುದು ನಮಗೆ ಬಂದದ್ದು ಬರೀ ಬಟ್ಟೆಯಿಂದಲ್ಲ ಎಂದು ಆಮೇಲೆ ಅನ್ನಿಸಿತು.

ಆ ಸದ್ದಿನ ಅಳತೆ ಸುಮಾರು 100 ಡೆಸಿಬಲ್. ಎಂಟು ಗಂಟೆಯ ಪಾಳಿಗೆ ನಮ್ಮ ಕಾರ್ಖಾನೆ ನಿಯಮಗಳು ಒಪ್ಪುವ ಮಿತಿ 90. ಹತ್ತು ಹೆಚ್ಚಾದರೆ ಏನು ಮಹಾ ಅನ್ನಿಸಬಹುದು. ಡೆಸಿಬಲ್ ಲೆಕ್ಕ ಬಸ್ ಟಿಕೆಟ್ಟಿನ ಹಾಗಲ್ಲ. ಹತ್ತು ಏರಿತು ಅಂದರೆ ಕಿವಿಗೆ ಬಡಿಯುವ ಶಕ್ತಿ ಹತ್ತು ಪಟ್ಟು ಆಯಿತು ಎಂದರ್ಥ. ಅದೂ ಮೂವತ್ತು ವರ್ಷ, ವಾರಕ್ಕೆ ಆರು ದಿನ.

ಇದೇನು ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಮುನ್ನೂರು ವರ್ಷಗಳ ಹಿಂದೆಯೇ ಇಟಲಿಯ ವೈದ್ಯ ರಮಾಜಿನಿ, ದಿನವಿಡೀ ತಾಮ್ರ ಬಡಿಯುವ ವೆನಿಸ್ಸಿನ ಕಂಚುಗಾರರು ಮುಪ್ಪಿಗೆ ಪೂರ್ತಿ ಕಿವುಡಾಗುತ್ತಾರೆಂದು ಬರೆದಿದ್ದ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದ. ಅವನ ಹತ್ತಿರ ಇದ್ದ ಸಲಕರಣೆ ಒಂದು ಗಡಿಯಾರ, ಅದರ ಟಿಕ್ ಟಿಕ್. ಜೊತೆಗೆ ಒಂದು ಪ್ರಶ್ನೆ ಕೇಳಿದ: ಸಾರ್ವಜನಿಕ ಸಭೆಯಲ್ಲಿ ಭಾಷಣ ಕೇಳಿಸುತ್ತದೆಯೇ? ಬಹುಪಾಲು ಜನ ಕೇಳಿಸುವುದಿಲ್ಲ, ಇಲ್ಲವೇ ಕಷ್ಟ ಎಂದರು. ಇದನ್ನು ಓದಿದಾಗ ನನಗೆ ದಾವಣಗೆರೆಯ ಕಾರ್ಮಿಕ ಸಭೆಗಳು ನೆನಪಾದವು. ಸಾವಿರಾರು ಜನ ಕೂತು ಕೇಳಿದ ಆ ಭಾಷಣಗಳನ್ನು ಮುಂದಿನ ಸಾಲಿನ ನೇಕಾರರು ನಿಜಕ್ಕೂ ಎಷ್ಟು ಕೇಳಿಸಿಕೊಂಡರು, ಎಷ್ಟನ್ನು ತುಟಿ ನೋಡಿ ಓದಿಕೊಂಡರು? 1965ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಸೆಣಬಿನ ಮಿಲ್ಲುಗಳ ನೇಕಾರ ಹೆಂಗಸರ ಮೇಲೆ ದೊಡ್ಡ ಅಧ್ಯಯನ ಬಂತು. ನಿವೃತ್ತರಾದವರನ್ನೂ ಕರೆದು ಕೂರಿಸಿ ಅಳೆದಿದ್ದರು. ಅದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಅದೇ ವರ್ಷ ದಾವಣಗೆರೆಯಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಯಿತು. ಒಂದೇ ವರ್ಷದ ಈ ಮೂರು ಸಂಗತಿಗಳನ್ನು ನನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಅವುಗಳ ನಡುವೆ ಸಂಬಂಧ ಕಟ್ಟುವ ಆಸೆ ಇತಿಹಾಸದ ವಿದ್ಯಾರ್ಥಿಗೆ ಬರುವುದು ಸಹಜ. ನಾನು ಕಟ್ಟುವುದಿಲ್ಲ. ಮೂರೂ ಒಂದೇ ವರ್ಷ ನಡೆದವು, ಅಷ್ಟೆ.

ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರ್ಖಾನೆ ಕಾಯ್ದೆಗೆ ಜೋಡಿಸಿದ ರೋಗಗಳ ಪಟ್ಟಿಗೆ ಸದ್ದಿನಿಂದ ಬರುವ ಕಿವುಡನ್ನೂ ಆಮೇಲೆ ಸೇರಿಸಲಾಯಿತು. ಪರಿಹಾರದ ಕಾಯ್ದೆಯಲ್ಲೂ ಜಾಗ ಸಿಕ್ಕಿತು. ಆದರೆ ನಾನು ನೋಡಿದ ಯೂನಿಯನ್ ಕರಪತ್ರ, ಬೇಡಿಕೆ ಪಟ್ಟಿಗಳಲ್ಲಿ ಬೋನಸ್ಸಿದೆ, ತುಟ್ಟಿಭತ್ಯೆಯಿದೆ, ಬದಲಿ ಕಾರ್ಮಿಕರ ಕಾಯಮಾತಿಯಿದೆ. ಕಿವಿ ಎಲ್ಲೂ ಇಲ್ಲ. ಕೈ ಹೋದರೆ ಗಾಯ ಕಾಣುತ್ತದೆ, ತಾರೀಖು ಇರುತ್ತದೆ, ಸಾಕ್ಷಿ ಇರುತ್ತಾರೆ. ಕಿವಿ ಹೋಗುವುದಕ್ಕೆ ತಾರೀಖಿಲ್ಲ. ಹೋದದ್ದು ಹೋದವನಿಗೇ ತಿಳಿಯುವುದಿಲ್ಲ, ಮನೆಯವರಿಗೆ ಮೊದಲು ತಿಳಿಯುತ್ತದೆ. ‘ಮಿಲ್ಲಿನೋರ ಮನ್ಯಾಗೆ ಜಗಳ ಇಲ್ದಿದ್ರೂ ಜಗಳ ಆಡ್ದಂಗೆ ಕೇಳ್ತಿತ್ತು’ ಎಂದು ಮಂಡಕ್ಕಿ ಕೊಟ್ಟ ಅಜ್ಜಿಯೇ ಹೇಳಿದ್ದು.

ಇನ್ನು ‘ಸ್ಟ್ರೈಕ್’ ಹೇಗೆ ‘ರೈಲು’ ಆಯಿತು ಎಂಬ ಪ್ರಶ್ನೆ. ಒಳಕಿವಿಯಲ್ಲಿ ಬಸವನ ಹುಳದ ಚಿಪ್ಪಿನಂಥ ಸುರುಳಿಯೊಳಗೆ ಸೂಕ್ಷ್ಮ ರೋಮಕೋಶಗಳ ಸಾಲಿದೆ. ಒಂದೊಂದು ಭಾಗ ಒಂದೊಂದು ಸ್ಥಾಯಿಗೆ. ಸತತ ಗದ್ದಲ ಮೊದಲು ಕೆಡಿಸುವುದು 4000 ಹರ್ಟ್ಸ್ ಆಸುಪಾಸಿನ ಕೋಶಗಳನ್ನು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮುಪ್ಪೂ ಎತ್ತರದ ಸ್ಥಾಯಿಯಿಂದಲೇ ಶುರುಮಾಡಿ ಕೆಳಗಿಳಿಯುತ್ತದೆ. ನೇಕಾರನ ಕಿವಿಯಲ್ಲಿ ಮಿಲ್ಲು ತಿಂದು ಬಿಟ್ಟದ್ದನ್ನು ವಯಸ್ಸು ತಿನ್ನುತ್ತದೆ. ನಮ್ಮ ಅಕ್ಷರಮಾಲೆಯ ಸ್ವರಗಳು ಕೆಳಸ್ಥಾಯಿಯವು, ಗಟ್ಟಿ. ಅವು ಉಳಿಯುತ್ತವೆ. ಸ, ಶ, ಚ, ಟ, ತ, ಕ ಇವೆಲ್ಲ ಮೆಲ್ಲನೆಯ, ಎತ್ತರದ, ಕ್ಷಣಿಕ ಸದ್ದುಗಳು. ಅವೇ ಜಾರಿಹೋಗುವುದು. ‘ಸ್ಟ್ರೈಕ್’ನಿಂದ ಸಕಾರ, ಟಕಾರ, ಕಕಾರ ಕಳೆಯಿರಿ, ‘ರೈ’ ಉಳಿಯುತ್ತದೆ. ‘ಕೂಲಿ’ಯಿಂದ ಕಕಾರ ಕಳೆದರೆ ‘ಊಲಿ’. ಅಜ್ಜನ ಬುದ್ಧಿ ಆ ಮುರುಕಿಗೆ ಅರ್ಥವಿರುವ ಪದ ಹುಡುಕಿತು. ರೈಲು. ಊರು. ಅದೂ ನನ್ನ ವಿಷಯಕ್ಕೆ ಹೊಂದುವ ಪದಗಳೇ. ಮರೆವು ಬಂದವರ ಕೆಲಸವಲ್ಲ ಅದು. ಚುರುಕಾದ ತಲೆಯೊಂದು ಅರೆಬರೆ ಸಾಮಗ್ರಿಯಿಂದ ಮಾತು ನೇಯುತ್ತಿತ್ತು.

‘ಗಟ್ಟಿಯಾಗಿ ಮಾತಾಡ್ಬೇಡ, ಕಿವಿ ನೋಯುತ್ತೆ’ ಎಂದು ಕಿವುಡರೇ ಹೇಳುವುದನ್ನು ಕೇಳಿ ನಾವು ನಕ್ಕಿರುತ್ತೇವೆ. ಅದರಲ್ಲೂ ತಮಾಷೆ ಇಲ್ಲ. ಕೂಗಿದರೆ ದೊಡ್ಡದಾಗುವುದು ಸ್ವರಗಳು. ಅವು ಮೊದಲೇ ಕೇಳುತ್ತಿವೆ. ಬೇಕಾದ ವ್ಯಂಜನ ಕೂಗಿದರೂ ಬರುವುದಿಲ್ಲ. ಜೊತೆಗೆ ಕೂಗುವವರ ಮುಖ ಸೊಟ್ಟಗಾಗಿ ತುಟಿ ಓದುವ ದಾರಿಯೂ ಮುಚ್ಚುತ್ತದೆ.

‘ಅರವತ್ತಕ್ಕೆ ಅರಳು ಮರಳು’ ಎಂಬ ನಮ್ಮ ಗಾದೆಯ ಮೇಲೆ ನನಗೆ ಈಗ ಸಿಟ್ಟಿದೆ. ಅದು ಕಿವಿ, ಕಣ್ಣು, ನಿದ್ದೆ, ಮಾತ್ರೆ, ಒಂಟಿತನ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತದೆ. ನನ್ನ ಕೆಂಪು ಷರಾ ಮಾಡಿದ್ದೂ ಅದನ್ನೇ. ಚೀಲ ಬಿಚ್ಚಿದ್ದು ಒಂದು ಪ್ಲಾಸ್ಟಿಕ್ ಕವರಿನಿಂದ.

ಎರಡನೇ ಸಲ ನಿಟುವಳ್ಳಿಗೆ ಹೋದಾಗ ಅಜ್ಜ ಮಧ್ಯಾಹ್ನದ ಮಂಪರಿನಲ್ಲಿದ್ದರು. ಎದುರಿಗೆ ಕೂತರೂ ಪ್ರಯೋಜನವಿರಲಿಲ್ಲ. ಗೋಡೆಯ ಮೊಳೆಗೆ ಮಾತ್ರೆಯ ಕವರ್ ತೂಗುಬಿಟ್ಟಿತ್ತು. ಸೊಸೆ ಅದನ್ನು ಚಾಪೆಯ ಮೇಲೆ ಸುರಿದರು. ಬೇರೆ ಬೇರೆ ಕಡೆಯ ವೈದ್ಯರ ಚೀಟಿಗಳು, ಅರ್ಧ ಮುಗಿದ ಸ್ಟ್ರಿಪ್ಪುಗಳು. ನನಗೆ ಔಷಧಶಾಸ್ತ್ರ ಗೊತ್ತಿಲ್ಲ. ಕಾಗದಗಳನ್ನು ತಾರೀಖಿನಂತೆ ಜೋಡಿಸುವುದು ಗೊತ್ತು. ಜೋಡಿಸಿದೆ. ಸೊಸೆಯ ಒಪ್ಪಿಗೆ ಪಡೆದು ಫೋಟೊ ತೆಗೆದುಕೊಂಡು, ಮೆಡಿಸಿನ್ ಕಲಿಸಿ ನಿವೃತ್ತರಾದ ಪರಿಚಯದ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ಓದಿ ಹೇಳಿದ ಕಥೆ ಹೀಗಿತ್ತು.

ಮೊದಲ ಚೀಟಿ ಬಿಪಿಗೆ, ಅಮ್ಲೊಡಿಪಿನ್. ಕೆಲವು ತಿಂಗಳ ಬಳಿಕ ಇನ್ನೊಬ್ಬ ವೈದ್ಯರ ಚೀಟಿ, ಅದೂ ಅಮ್ಲೊಡಿಪಿನ್ನೇ, ಬೇರೆ ಕಂಪನಿಯ ಹೆಸರಲ್ಲಿ. ಹಳೆಯದನ್ನು ನಿಲ್ಲಿಸಿ ಎಂದು ಅವರು ಹೇಳಿದ್ದರೋ ಇಲ್ಲವೋ, ಹೇಳಿದ್ದರೆ ಅಜ್ಜನಿಗೆ ಕೇಳಿಸಿತೋ ಇಲ್ಲವೋ. ಎರಡೂ ಶುರುವಾದವು. ಆ ಔಷಧದ ಪ್ರಮಾಣ ಹೆಚ್ಚಿದರೆ ಪಾದ ಊದುವುದುಂಟು. ಮೂರನೆಯ ಚೀಟಿ ಊತಕ್ಕೆ, ನೀರು ಹೋಗಿಸುವ ಫ್ಯುರೊಸೆಮೈಡ್, ಬೆಳಿಗ್ಗೆ ಮತ್ತು ಸಂಜೆ. ಸಂಜೆ ತೆಗೆದುಕೊಂಡರೆ ರಾತ್ರಿಯಿಡೀ ಬಚ್ಚಲಿಗೆ ಓಡಾಟ. ನಿದ್ದೆ ಕೆಟ್ಟಿತು. ನಾಲ್ಕನೆಯ ಚೀಟಿ ನಿದ್ದೆಗೆ, ಆಲ್ಪ್ರಜೊಲಾಮ್. ಹಗಲು ತಲೆಸುತ್ತು ಬಂತು. ಐದನೆಯದು ತಲೆಸುತ್ತಿಗೆ, ಪ್ರೊಕ್ಲೋರ್‌ಪೆರಜಿನ್. ಇವುಗಳ ನಡುವೆ ಅಂಗಡಿಯಿಂದ ಚೀಟಿಯಿಲ್ಲದೆ ತಂದ ನೆಗಡಿ ಮಾತ್ರೆ. ಅದರಲ್ಲಿದ್ದ ಕ್ಲೋರ್‌ಫೆನಿರಮಿನ್ ಮುದುಕರಿಗೆ ಮಂಕು ಕವಿಸುವಂಥದ್ದು. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು, ಅದರದಕ್ಕೆ ಮತ್ತೊಂದು. ಒಬ್ಬೊಬ್ಬರೂ ತಮ್ಮ ಎದುರಿಗೆ ಬಂದ ತೊಂದರೆಗೆ ಬರೆದಿದ್ದರು, ಯಾರೂ ಪೂರ್ತಿ ಕವರ್ ನೋಡಿರಲಿಲ್ಲ. ‘ನೋಡಿ, ನಿಮ್ಮ ಇತಿಹಾಸದ ವಿಧಾನ ಇಲ್ಲಿ ಕೆಲಸಕ್ಕೆ ಬಂತು’ ಎಂದರು ಆ ವೈದ್ಯರು. ಮುಪ್ಪಿನಲ್ಲಿ ಮೂತ್ರಪಿಂಡ, ಯಕೃತ್ತು ನಿಧಾನವಾಗುವುದರಿಂದ ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ನಲವತ್ತರವರಿಗೆ ಹಿತವಾದ ಪ್ರಮಾಣ ಎಂಬತ್ತರವರಿಗೆ ಜಾಸ್ತಿಯಾಗಬಹುದು ಎಂದೂ ವಿವರಿಸಿದರು. ವೃದ್ಧರಿಗೆ ಕೊಡಬಾರದ ಔಷಧಗಳ ಪಟ್ಟಿಯೊಂದನ್ನು ಮಾರ್ಕ್ ಬೀರ್ಸ್ ಎಂಬ ಅಮೆರಿಕದ ವೈದ್ಯ 1991ರಲ್ಲೇ ಮಾಡಿದ್ದು, ಅದನ್ನು ಈಗಲೂ ಪರಿಷ್ಕರಿಸುತ್ತ ಬಂದಿದ್ದಾರಂತೆ. ಅಜ್ಜನ ಚಾಪೆಯ ಮೇಲಿದ್ದವುಗಳಲ್ಲಿ ಎರಡು ಮೂರು ಆ ಪಟ್ಟಿಯವೇ.

ಅಜ್ಜನನ್ನು ಅವರೇ ಕರೆಸಿಕೊಂಡು ನೋಡಿದರು. ನಿದ್ದೆ ಮಾತ್ರೆಯನ್ನು ದಿಢೀರನೆ ಬಿಡಿಸಲಿಲ್ಲ, ಹಾಗೆ ಬಿಡಿಸುವುದು ಅಪಾಯ, ವಾರಗಟ್ಟಲೆ ಇಳಿಸಿದರು. ಕಿವಿಗೆ ಬೆಳಕು ಹಾಕಿ ನೋಡಿದಾಗ ಎರಡರಲ್ಲೂ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ತೆಗೆಸಿದರು. ಅದರಿಂದಲೇ ಸ್ವಲ್ಪ ಕೇಳುವಂತಾಯಿತು. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೆ ಅರ್ಧ ಜಗಳ ಕಡಿಮೆಯಾದೀತು. ಚೀಟಿಯಲ್ಲಿ ‘ದಿನಕ್ಕೆರಡು’ ಎಂಬುದರ ಬದಲು ಸೂರ್ಯ, ಚಂದ್ರನ ಚಿತ್ರ ಬರೆದುಕೊಟ್ಟರು. ಅಜ್ಜನಿಗೆ ಅಕ್ಷರ ಬರುತ್ತದೆ, ದಿನಾ ‘ಜನತಾವಾಣಿ’ ಓದುತ್ತಾರೆ ಎಂದು ಆಮೇಲೆ ತಿಳಿದು ನಕ್ಕರು. ನಮಗೆ ಯಾರಿಗೂ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಔಷಧವೇ ಕಿವಿ ತೆಗೆದ ಕಥೆಗಳೂ ಸಿಕ್ಕವು. ಹತ್ತಿಯ ದೂಳಿನಲ್ಲಿ ಕ್ಷಯ ಹಿಡಿದು ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡವರೊಬ್ಬರು, ‘ಜೀವ ಉಳೀತು, ನಡಿಗೆ ತೂರಾಡಾಕೆ ಹತ್ತಿತು’ ಎಂದರು. ಆ ಔಷಧ ಶ್ರವಣಕ್ಕಿಂತ ಹೆಚ್ಚಾಗಿ ಒಳಕಿವಿಯ ಸಮತೋಲದ ಅಂಗವನ್ನು ಕೆಡಿಸುತ್ತದೆ. ಓಣಿಯವರು ಅವರನ್ನು ಕುಡುಕ ಎಂದು ತಿಳಿದಿದ್ದರಂತೆ. ಅವರು ಹೆಂಡ ಮುಟ್ಟಿದವರಲ್ಲ.

ಹರಿಹರದ ಕಥೆ ಸ್ವಲ್ಪ ಬೇರೆ. ಅಲ್ಲಿ ಹತ್ತಿಗಿಂತ ಕಬ್ಬಿಣ ಮುಖ್ಯ. 1941ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ಹೊಳೆಯ ಆಚೆ ದಂಡೆ ಕುಮಾರಪಟ್ಟಣದಲ್ಲಿ ಎಪ್ಪತ್ತರ ದಶಕದಲ್ಲಿ ಪಾಲಿಫೈಬರ್ಸ್ ಬಂತು. ಕಿರ್ಲೋಸ್ಕರ್ ನಿವೃತ್ತರೊಬ್ಬರ ಮನೆಗೆ ಹೋಗಿದ್ದೆ. ಓದಿದವರು, ಯಂತ್ರಗಳ ಬಗ್ಗೆ ಒಂದು ಗಂಟೆ ನಿರರ್ಗಳ ಮಾತಾಡಿದರು. ನನ್ನ ಪ್ರಶ್ನೆಗೆ ಅವಕಾಶವನ್ನೇ ಕೊಡಲಿಲ್ಲ. ಕೇಳಿಸದಿದ್ದವರು ಮಾತು ಬಿಟ್ಟುಕೊಡದೆ ಇರುವುದೂ ಒಂದು ಉಪಾಯ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಅವರ ಮನೆಯವರು ಬೀರುವಿನಿಂದ ಒಂದು ಡಬ್ಬಿ ತೆಗೆದು ತೋರಿಸಿದರು. ಹೊಸದರಂತೆಯೇ ಇದ್ದ ಶ್ರವಣಯಂತ್ರ. ‘ಹಾಕ್ಕೊಂಡ್ರೆ ಕುಯ್ಯಂತ ಕೂಗುತ್ತಂತೆ. ಪಾತ್ರೆ ಸದ್ದು ಸಿಡಿಲು ಬಡಿದಂಗೆ ಆಗುತ್ತಂತೆ. ಮಗ ದುಡ್ಡು ಕೊಟ್ಟು ತಂದಿದ್ದು, ಇವ್ರು ಮುಟ್ಟಲ್ಲ.’

ಇದು ಅನೇಕರ ಅನುಭವ. ಕನ್ನಡಕ ಹಾಕಿದ ಕೂಡಲೇ ಕಣ್ಣು ಕಾಣುತ್ತದೆ. ಶ್ರವಣಯಂತ್ರದ ಸಂಗತಿ ಹಾಗಲ್ಲ. ಹತ್ತಾರು ವರ್ಷ ಎತ್ತರದ ಸದ್ದು ಕೇಳದ ಮಿದುಳಿಗೆ ಅವು ಒಮ್ಮೆಲೇ ವಾಪಸು ಬಂದರೆ ಗದ್ದಲ. ಮೊದಲು ದಿನಕ್ಕೆ ಒಂದೆರಡು ಗಂಟೆ, ಮೌನವಾದ ಕೋಣೆಯಲ್ಲಿ, ಒಬ್ಬರ ಮಾತು ಮಾತ್ರ, ಹೀಗೆ ವಾರಗಳ ರೂಢಿ ಬೇಕು. ಕಿವಿಯ ಅಚ್ಚು ಸರಿ ಕೂರದೆ ಸದ್ದು ಸೋರಿದರೆ ಶಿಳ್ಳೆ ಬರುತ್ತದೆ, ತಿರುಗಿ ಹೋಗಿ ಸರಿಮಾಡಿಸಬೇಕು. ಅಂಗಡಿಯಲ್ಲಿ ಯಂತ್ರ ಸಿಕ್ಕಿತ್ತು, ತಿರುಗಿ ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಬಡ ಹಿರಿಯರಿಗೆ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ 2017ರಿಂದ ಉಚಿತವಾಗಿ ಯಂತ್ರ ಸಿಗುತ್ತದೆ. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳಿಗೆ ಸಾವಿರ ಚಿಲ್ಲರೆ ಎಣಿಸುವ ಮಿಲ್ಲಿನವರಿಗೆ ಯಂತ್ರ ಸಿಕ್ಕರೂ ಬ್ಯಾಟರಿ ಒಂದು ಪ್ರಶ್ನೆಯೇ.

ಸಂಜೆ ಅವರ ಜೊತೆ ಹರಿಹರೇಶ್ವರ ಗುಡಿಗೆ ಹೋದೆ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು, ನನ್ನಂಥವರಿಗೆ ಶಾಸನ ನೋಡುವ ಚಪಲ. ಮಂಗಳಾರತಿಯ ಗಂಟೆ ಹೊಡೆದಾಗ ಅವರು ಕಣ್ಣುಮುಚ್ಚಿದರು. ಹೊರಗೆ ಬಂದ ಮೇಲೆ ಹೇಳಿದರು: ‘ಗಂಟೆ ಕೇಳುತ್ತಮ್ಮ. ಅರ್ಚಕರ ಬಾಯಿ ಆಡೋದು ಕಾಣುತ್ತೆ. ಮಂತ್ರ ನಾನೇ ಮನಸ್ಸಿನಲ್ಲಿ ಹೇಳ್ಕೋತೀನಿ, ಚಿಕ್ಕಂದಿನಿಂದ ಬಾಯಿಪಾಠ ಅಲ್ವಾ.’ ಅದುವರೆಗೆ ಕಿವಿಯ ವಿಷಯ ಅವರು ಬಾಯಿಬಿಟ್ಟಿರಲಿಲ್ಲ. ಆ ತಿಂಗಳು ಬೀರುವಿನ ಡಬ್ಬಿ ಹೊರಬಂತು ಎಂದು ಆಮೇಲೆ ಮನೆಯವರು ಫೋನಿನಲ್ಲಿ ತಿಳಿಸಿದರು. ಬೆಳಗಿನ ಹೊತ್ತು ಮಾತ್ರ ಹಾಕುತ್ತಾರಂತೆ.

ಕಿವಿಗೂ ನೆನಪಿಗೂ ಇರುವ ನಂಟು ಸೊಸೆಯ ಮಾತಿನಷ್ಟು ಸರಳವೂ ಅಲ್ಲ, ನನ್ನ ಪಶ್ಚಾತ್ತಾಪ ಹೇಳುವಷ್ಟು ಸರಳವೂ ಅಲ್ಲ. ಕೇಳಿಸದ್ದನ್ನು ಮರೆತದ್ದು ಎಂದು ತಿಳಿಯುವುದು ತಪ್ಪು, ನಿಜ. ಆದರೆ ವರ್ಷಾನುಗಟ್ಟಲೆ ಕೇಳಿಸದಿದ್ದರೆ ನಿಜವಾಗಿಯೂ ಮರೆವಿನ ಅಪಾಯ ಹೆಚ್ಚುತ್ತದೆ ಎಂಬುದೂ ನಿಜ. ‘ಲ್ಯಾನ್ಸೆಟ್’ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2017, 2020, 2024ರ ಮೂರೂ ವರದಿಗಳಲ್ಲಿ ಡಿಮೆನ್ಶಿಯಾಕ್ಕೆ ಕಾರಣವಾಗುವ, ನಾವು ತಡೆಯಬಹುದಾದ ಅಂಶಗಳಲ್ಲಿ ಕಿವುಡುತನವನ್ನು ಮುಂಚೂಣಿಯಲ್ಲಿಟ್ಟಿದೆ. ಯಂತ್ರ ಹಾಕಿದರೆ ಮರೆವು ನಿಲ್ಲುತ್ತದೆಯೇ? 2023ರಲ್ಲಿ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಒಟ್ಟಾರೆ ಗುಂಪಿಗೆ ಹೇಳಿಕೊಳ್ಳುವ ಫಲ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದವರಲ್ಲಿ ಮಾತ್ರ ಬುದ್ಧಿಶಕ್ತಿ ಕುಸಿಯುವ ವೇಗ 48 ಶೇಕಡಾ ತಗ್ಗಿತ್ತು. ಜಾಹೀರಾತಿನವರು ಎರಡನೆಯ ವಾಕ್ಯವನ್ನಷ್ಟೇ ಹೇಳುತ್ತಾರೆ. ಎರಡನ್ನೂ ಹೇಳುವುದು ಒಳ್ಳೆಯದು.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೂ ಸಾದಾ ಸಂಗತಿ. ನೆನಪು ಒಬ್ಬರೊಳಗೆ ಕೂತಿರುವ ಗಂಟಲ್ಲ, ಇಬ್ಬರ ನಡುವಿನ ಮಾತುಕತೆಯಲ್ಲಿ ಅದು ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಯಾರೂ ಕೇಳದಿದ್ದರೆ, ಕೇಳಿದ್ದು ಕಿವಿಗೆ ಬೀಳದಿದ್ದರೆ ಅದು ಒಳಗೇ ತುಕ್ಕು ಹಿಡಿಯುತ್ತದೆ. ನಿಟುವಳ್ಳಿಯ ಅಜ್ಜನನ್ನು ಹತ್ತು ವರ್ಷಗಳಿಂದ ಮನೆಯಲ್ಲಿ ಯಾರೂ ಏನೂ ಕೇಳಿರಲಿಲ್ಲ. ‘ಊಟ ಆಯ್ತಾ’ ಎಂಬುದನ್ನು ಬಿಟ್ಟು.

ಮೂರನೆಯ ಭೇಟಿ ಫೆಬ್ರವರಿಯ ಒಂದು ಬೆಳಿಗ್ಗೆ. ಒಂಬತ್ತು ಗಂಟೆ, ಮಾತ್ರೆಯ ಮಂಪರಿಲ್ಲದ ಹೊತ್ತು. ಟಿವಿ ಆರಿಸಿ, ಫ್ಯಾನ್ ನಿಲ್ಲಿಸಿ, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಎದುರಿಗೆ ಕೂತೆ. ದನಿ ಎತ್ತರಿಸಲಿಲ್ಲ, ತಗ್ಗಿಸಿ ನಿಧಾನ ಮಾಡಿದೆ. ಒಂದು ದೊಡ್ಡ ನೋಟ್‌ಬುಕ್ಕಿನಲ್ಲಿ ಮಾರ್ಕರಿನಿಂದ ಬರೆದೆ: ‘ಸ್ಟ್ರೈಕ್’. ಅಜ್ಜ ಕನ್ನಡಕ ಸರಿಮಾಡಿಕೊಂಡು ಓದಿ, ನನ್ನ ಮುಖ ನೋಡಿ, ‘ಇದನ್ನಾ ನೀನು ಅವತ್ತು ಕೇಳಿದ್ದು? ನಾನು ರೈಲು ಅಂದ್ಕೊಂಡೆ’ ಎಂದರು.

ಆಮೇಲೆ ಎರಡು ತಾಸು ನನಗೆ ಬರೆಯುವ ಕೆಲಸವೇ ಉಳಿಯಲಿಲ್ಲ. ಬೋನಸ್ಸಿಗಾಗಿ ನಿಂತ ದಿನಗಳು, ಗೇಟಿನ ಹೊರಗೆ ರಾತ್ರಿ ಕಾವಲು, ಊರಿನ ಕಡೆಯಿಂದ ಜೋಳದ ಚೀಲ ಹೊತ್ತು ತಂದ ಅಕ್ಕನ ಗಂಡ, ಕಿರಾಣಿ ಅಂಗಡಿಯವನು ಉದ್ರಿ ನಿಲ್ಲಿಸಿದ ವಾರ, ಹೆಂಡತಿಯ ಬುಗುಡಿ ಅಡವಿಟ್ಟದ್ದು. ಜಗಲಿಯಲ್ಲಿ ಮೊಮ್ಮಗ ಬಂದು ನಿಂತ. ಸೊಸೆ ಒಲೆ ಆರಿಸಿ ಬಾಗಿಲಿಗೆ ಒರಗಿದರು. ಸಭೆಯಲ್ಲಿ ಭಾಷಣ ಕೇಳಿಸುತ್ತಿತ್ತೇ ಎಂದು ಬರೆದು ತೋರಿಸಿದೆ. ಗ್ಲಾಸ್ಗೋದ ಪ್ರಶ್ನೆ. ಅಜ್ಜ ನಕ್ಕರು. ‘ಎಲ್ಲಾರು ಕೈ ಎತ್ತಿದ್ರೆ ಎತ್ತದು, ಚಪ್ಪಾಳೆ ಹೊಡೆದ್ರೆ ಹೊಡಿಯದು. ಮನಿಗೆ ಹೋಗೋವಾಗ ಸ್ಪಿನ್ನಿಂಗಿನೋರ್ನ ಕೇಳ್ತಿದ್ವಿ, ಏನಂತೆ ಅಂತ.’

ಒಂದು ವಿಷಯವನ್ನು ನಾನು ಕೇಳಿರಲಿಲ್ಲ, ಅವರೇ ಹೇಳಿದರು. ಮಿಲ್ಲು ಮುಚ್ಚಿದ ಮೇಲೆ ಮೊದಲ ರಾತ್ರಿ ಮಲಗಿದಾಗ ಮಗ್ಗಗಳು ಓಡುವ ಸದ್ದು ಕೇಳಿಸಿತಂತೆ. ಎದ್ದು ಕೂತು ಹೆಂಡತಿಯನ್ನು ಎಬ್ಬಿಸಿ, ಮಿಲ್ಲು ಶುರು ಮಾಡಿದ್ರಾ ನೋಡು ಅಂದರಂತೆ. ಆಕೆ ಹೊರಗೆ ಹೋಗಿ ನೋಡಿ, ಏನೂ ಇಲ್ಲ ಮಲಗ್ರಿ ಎಂದಳಂತೆ. ಕೆಟ್ಟ ಕಿವಿಯ ಬಳಿಕ ಮಿದುಳು ತಾನೇ ಹುಟ್ಟಿಸಿಕೊಳ್ಳುವ ಸದ್ದು ಅದು. ಕಿವಿಮೊರೆತ ಎನ್ನುತ್ತಾರೆ, ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ. ‘ಈಗ್ಲೂ ಐತೆ ಅಜ್ಜ?’ ಎಂದು ಬರೆದೆ. ‘ಐತಲ್ಲ, ನಿನ್ ಜೊತಿಗೆ ಮಾತಾಡೋವಾಗ್ಲೂ ಓಡ್ತಾ ಐತೆ’ ಎಂದು ಹೇಳಿ, ಚಾಪೆಯ ಮೇಲೆ ನಾನಿಟ್ಟಿದ್ದ ರೆಕಾರ್ಡರ್ ಕಡೆ ಬೆರಳು ಮಾಡಿದರು. ‘ಇದಕ್ಕೆ ಕೇಳ್ಸುತ್ತೇನು?’

ಸಂದರ್ಶನ 7ರ ಷರಾ ಹೊಡೆದುಹಾಕಿದ್ದೇನೆ. ಉಳಿದ ನಾಲ್ವರಲ್ಲಿ ಇಬ್ಬರ ಮನೆಗೆ ಮತ್ತೆ ಹೋಗಿಬಂದೆ. ಒಬ್ಬರಿಗೆ ನಿಜವಾಗಿಯೂ ಮರೆವು, ಎದುರಿಗೆ ಕೂತರೂ ಬರೆದು ತೋರಿಸಿದರೂ ಮಗಳ ಹೆಸರು ನೆನಪಾಗಲಿಲ್ಲ. ಇನ್ನೊಬ್ಬರು ನಾನು ಹೋಗುವ ಹದಿನೈದು ದಿನ ಮೊದಲು ತೀರಿಕೊಂಡಿದ್ದರು. ಅವರ ಮೊದಲ ರೆಕಾರ್ಡಿಂಗಿನಲ್ಲಿ ನಲವತ್ತು ನಿಮಿಷ ಇದೆ. ನಾನು ಕೇಳಿದ್ದಕ್ಕೆ ಹೊಂದದ ಉತ್ತರಗಳು. ಈಗ ಅದನ್ನು ಹಿಂದುಮುಂದಾಗಿ ಓದುತ್ತಿದ್ದೇನೆ. ಅವರು ಹೇಳಿದ ಒಂದೊಂದು ಮಾತಿನಿಂದ ಹೊರಟು, ನನ್ನ ಯಾವ ಪದ ಅವರಿಗೆ ಹೇಗೆ ಕೇಳಿಸಿರಬಹುದೆಂದು ಒಂದೊಂದೇ ವ್ಯಂಜನ ಕಳೆದು ನೋಡುತ್ತ. ಹನ್ನೊಂದು ನಿಮಿಷದವರೆಗೆ ಬಂದಿದ್ದೇನೆ.